ಫಾರ್ಮ್ಯಾಟ್ ಹೊಡೆಯುವ ಮೊದಲು: ಲಿನಕ್ಸ್ ಕಂಪ್ಯೂಟರಿನ ದೋಷ ಹುಡುಕುವ ಕೈಪಿಡಿ

ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸಿರಲಿ, ಹುಬ್ಬಳ್ಳಿಯ ಝೆರಾಕ್ಸ್ ಅಂಗಡಿ ಇರಲಿ, ಗದಗ-ಬೆಟಗೇರಿಯ ಪ್ರೆಸ್ಸಿರಲಿ, ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್ ಕೈಕೊಟ್ಟರೆ ಸಿಗುವ ಸಲಹೆ ಒಂದೇ. "ಫಾರ್ಮ್ಯಾಟ್ ಹೊಡದ್ಬಿಡ್ರಿ, ಎಲ್ಲಾ ಸರಿ ಆಗ್ತದ."

ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಫೈಲು ಹೋಗುತ್ತದೆ, ದೋಷದ ಸುಳಿವೂ ಹೋಗುತ್ತದೆ. ಕಾರಣ ಉಳಿದಿದ್ದರೆ ವಾರದಲ್ಲಿ ಅದೇ ತೊಂದರೆ ಮತ್ತೆ ಬರುತ್ತದೆ. ನಾನು ನೋಡಿದ ಹೆಚ್ಚಿನ ತೊಂದರೆಗಳ ಬೇರು ಮೂರು ಜಾಗದಲ್ಲಿತ್ತು: ತಪ್ಪು ತೋರಿಸುವ ಗಡಿಯಾರ, ತುಂಬಿಹೋದ ಡಿಸ್ಕ್, ಸಡಿಲವಾದ ವೈರು. ಮೂರನ್ನೂ ನೋಡಲು ಒಂದು ರೂಪಾಯಿ ಖರ್ಚಿಲ್ಲ. ಹಾಗಾಗಿ ಇಲ್ಲಿ ಅವೇ ಮುಂದೆ ಬರುತ್ತವೆ.

ಇದು ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಬಳಸುವವರಿಗಾಗಿ ಬರೆದದ್ದು. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಹೊಡೆಯುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಕೈ ಹಾಕುವ ಮೊದಲು

ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದ್ದರೆ ಮೊದಲು ಬೇಕಾದ ಫೈಲುಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ರಿಪೇರಿ ಆಮೇಲೆ. ಎರಡನೆಯದು, ಪರದೆಯ ಮೇಲೆ ಬಂದ ದೋಷದ ಸಂದೇಶದ ಫೋಟೊವನ್ನು ಮೊಬೈಲಿನಲ್ಲಿ ತೆಗೆಯಿರಿ. ಆಪ್ಟ್ (ಪ್ಯಾಕೇಜುಗಳನ್ನು, ಅಂದರೆ ಸಾಫ್ಟ್‌ವೇರ್ ಕಂತೆಗಳನ್ನು, ಹಾಕುವ ಮತ್ತು ಅಪ್‌ಡೇಟ್ ಮಾಡುವ ಸಾಧನ) ಕೊಡುವ ಸಂದೇಶದಲ್ಲಿ 'ಇ:' ಎಂದು ಶುರುವಾಗುವ ಸಾಲು ನಿಜವಾದ ದೋಷ. 'ಡಬ್ಲ್ಯೂ:' ಎಂದಿದ್ದರೆ ಅದು ಬರೀ ಎಚ್ಚರಿಕೆ. ಜನ ಎಚ್ಚರಿಕೆ ನೋಡಿಯೇ ಗಾಬರಿಯಾಗಿ ಬಿಡುತ್ತಾರೆ.

ಅಡ್ಡಮಳೆಯ ದಿನಗಳಲ್ಲಿ, ಅಂದರೆ ಏಪ್ರಿಲ್-ಮೇನಲ್ಲಿ, ನಮ್ಮ ಕಡೆ ಗುಡುಗು ಸಿಡಿಲು ಜಾಸ್ತಿ. ಆಗ ಕರೆಂಟಿನ ಪ್ಲಗ್ ತೆಗೆದರೆ ಸಾಲದು. ಲ್ಯಾನ್ ಕೇಬಲ್ಲನ್ನೂ ಕಂಪ್ಯೂಟರಿನಿಂದ ಕಿತ್ತಿಡಿ. ಸಿಡಿಲಿನ ಹೊಡೆತ ಆ ತಾಮ್ರದ ವೈರಿನಲ್ಲೂ ಬರುತ್ತದೆ. ಮೋಡ ಗುಡುಗುತ್ತಿರುವಾಗ ಯಾವ ರಿಪೇರಿಗೂ ಕೂರಬೇಡಿ.

ಬ್ರೌಸರ್ 'ಸುರಕ್ಷಿತವಲ್ಲ' ಎನ್ನುತ್ತದೆ, ಅಪ್‌ಡೇಟೂ ಆಗುವುದಿಲ್ಲ

ನೆಟ್ ಇದೆ, ಆದರೆ ಯಾವ ಪುಟ ತೆರೆದರೂ ಬ್ರೌಸರ್ ಎಚ್ಚರಿಸುತ್ತದೆ. ಆಪ್ಟ್ 'ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್' ಎನ್ನುತ್ತದೆ. ಮೊದಲು ಪರದೆಯ ಮೂಲೆಯ ಗಡಿಯಾರ ನೋಡಿ. ಗಂಟೆ ಮಾತ್ರ ಸಾಲದು, ತಾರೀಖು ಮತ್ತು ವರ್ಷವನ್ನೂ ನೋಡಿ.

ಸುರಕ್ಷಿತ ವೆಬ್‌ಸೈಟಿನ ಪ್ರಮಾಣಪತ್ರಕ್ಕೆ ಶುರುವಿನ ದಿನ ಇರುತ್ತದೆ, ಮುಗಿಯುವ ದಿನವೂ ಇರುತ್ತದೆ. ಕಂಪ್ಯೂಟರ್ ಹಳೆಯ ತಾರೀಖಿನಲ್ಲಿ ನಿಂತಿದ್ದರೆ ಅದರ ಲೆಕ್ಕಕ್ಕೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ. ಪ್ಯಾಕೇಜ್ ಪಟ್ಟಿಯದೂ ಇದೇ ಕಥೆ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಸರಿಮಾಡಿ, ಸಮಯವಲಯ ಕೋಲ್ಕತ್ತಾ ಇದೆಯೇ ನೋಡಿ, 'ಸುಡೊ ಆಪ್ಟ್ ಅಪ್‌ಡೇಟ್' ಮತ್ತೆ ಓಡಿಸಿ. ತುಂಬಾ ಸಲ ಇಷ್ಟಕ್ಕೇ ಮುಗಿಯುತ್ತದೆ.

ಮರುದಿನ ಬೆಳಿಗ್ಗೆ ತಾರೀಖು ಮತ್ತೆ ಹಿಂದೆ ಹೋಗಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಮುಗಿದಿದೆ. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚನ್ನೇ ಆಫ್ ಮಾಡುವ ಕಡೆ ಇದು ಬೇಗ ಗೊತ್ತಾಗುತ್ತದೆ, ಯಾಕಂದರೆ ಆಗ ಗಡಿಯಾರ ಆ ಸೆಲ್ ಮೇಲೇ ನಡೆಯಬೇಕು. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟಿನದು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಬದಲಿಸುವ ಮೊದಲು ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ. ಹಳೆಯ ಸೆಲ್ಲನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಚಿಕ್ಕ ಮಗು ಅದನ್ನು ನುಂಗಿದರೆ ಜೀವಕ್ಕೇ ಅಪಾಯ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗಡಿಯಾರ ಸರಿಯಾಗಿ 5 ಗಂಟೆ 30 ನಿಮಿಷ ಹಿಂದೆ ಮುಂದೆ ಆಗುತ್ತಿದೆಯೇ? ಹಾಗಿದ್ದರೆ ಸೆಲ್ ಚೆನ್ನಾಗಿದೆ. ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇರಬೇಕು. ವಿಂಡೋಸ್ ಒಳಗಿನ ಗಡಿಯಾರದಲ್ಲಿ ಭಾರತದ ಸಮಯ ಬರೆಯುತ್ತದೆ, ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ, ಸಮಯ ಬರೆಯುತ್ತದೆ. ಎರಡರ ನಡುವಿನ ಅಂತರ ಅಷ್ಟೇ. 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂದು ಹೊಡೆದರೆ ಲಿನಕ್ಸ್ ಕೂಡ ಭಾರತದ ಸಮಯವನ್ನೇ ಬರೆಯುತ್ತದೆ.

ಪಾಸ್‌ವರ್ಡ್ ಸರಿ ಇದೆ, ಆದರೂ ಲಾಗಿನ್ ಪರದೆಗೇ ವಾಪಸ್ ಬರುತ್ತದೆ

ಇದನ್ನು ಕಂಡರೆ ವೈರಸ್ ಬಂದಿದೆ ಎಂದು ಹೆದರುವವರು ಜಾಸ್ತಿ. ನಿಜವಾದ ಕಾರಣ ಹೆಚ್ಚಾಗಿ ಡಿಸ್ಕಿನಲ್ಲಿ ಜಾಗವೇ ಇಲ್ಲದಿರುವುದು. ಒಳಗೆ ಹೋಗುವಾಗ ಸಿಸ್ಟಮ್ ಕೆಲವು ಸಣ್ಣ ಫೈಲುಗಳನ್ನು ಬರೆಯಬೇಕು. ಬರೆಯಲು ಜಾಗ ಇಲ್ಲದಿದ್ದರೆ ನಿಮ್ಮನ್ನು ಹೊರಗೇ ಬಿಡುತ್ತದೆ. ಅಪ್‌ಡೇಟ್ ಅರ್ಧಕ್ಕೆ ನಿಲ್ಲುವುದು, 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎನ್ನುವುದು ಕೂಡ ಇದರದೇ ಗುರುತು.

ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕಪ್ಪು ಪರದೆ ಬರುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು 'ಡಿಎಫ್ -ಎಚ್' ಹೊಡೆಯಿರಿ. ಕೊನೆಯ ಕಾಲಂನಲ್ಲಿ ಬರೀ ಒಂದು ಓರೆಗೆರೆ ಇರುವ ಸಾಲು ನೋಡಿ. ಅದರಲ್ಲಿ 100% ಇದ್ದರೆ ಕಳ್ಳ ಸಿಕ್ಕ ಹಾಗೆ. ಜಾಗ ಇದ್ದರೂ 'ಸ್ಪೇಸ್ ಇಲ್ಲ' ಎಂದರೆ 'ಡಿಎಫ್ -ಐ' ಹೊಡೆಯಿರಿ. ಲಕ್ಷಗಟ್ಟಲೆ ಚಿಕ್ಕ ಫೈಲುಗಳು ಸೇರಿ ಫೈಲುಗಳ ಸಂಖ್ಯೆಯ ಮಿತಿ ಮುಗಿದಿರಬಹುದು.

ಜಾಗ ಬಿಡಿಸುವಾಗ ಸುರಕ್ಷಿತವಾದದ್ದನ್ನು ಮೊದಲು ಮಾಡಿ. 'ಸುಡೊ ಆಪ್ಟ್ ಕ್ಲೀನ್' ಇಳಿಸಿಟ್ಟ ಹಳೆಯ ಪ್ಯಾಕೇಜುಗಳನ್ನು ತೆಗೆಯುತ್ತದೆ. 'ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ' ಹಳೆಯ ಲಾಗ್‌ಗಳನ್ನು (ಸಿಸ್ಟಮ್ ಬರೆದಿಡುವ ದಾಖಲೆಗಳನ್ನು) 200 ಎಂಬಿಗೆ ಇಳಿಸುತ್ತದೆ. ಇದರಲ್ಲಿ 200ರ ಮುಂದಿನ ಎಂ ಮಾತ್ರ ದೊಡ್ಡಕ್ಷರ. 'ಸುಡೊ ಆಪ್ಟ್ ಆಟೊರಿಮೂವ್' ಹಳೆಯ ಕರ್ನಲ್‌ಗಳನ್ನು (ಕರ್ನಲ್ ಎಂದರೆ ಲಿನಕ್ಸಿನ ತಿರುಳು) ತೆಗೆಯುತ್ತದೆ, ಆದರೆ ಅದು ತೋರಿಸುವ ಪಟ್ಟಿಯನ್ನು ಪೂರ್ತಿ ಓದಿಯೇ ಹೂಂ ಅನ್ನಿ. ಬೂಟ್ ಫೋಲ್ಡರಿನೊಳಗೆ ಕೈಯಾರೆ ಯಾವ ಫೈಲನ್ನೂ ಅಳಿಸಬೇಡಿ. ಕಂಪ್ಯೂಟರ್ ಮತ್ತೆ ಆನ್ ಆಗದೇ ಹೋಗಬಹುದು.

ಟೈಮ್‌ಶಿಫ್ಟ್ (ಸಿಸ್ಟಮ್ಮಿನ ಬ್ಯಾಕಪ್ ಸಾಧನ) ಬಳಸುವ ಮಿಂಟ್ ಯಂತ್ರಗಳಲ್ಲಿ ಅದರ ಹಳೆಯ ಸ್ನ್ಯಾಪ್‌ಶಾಟ್‌ಗಳೇ, ಅಂದರೆ ಅದು ತೆಗೆದಿಟ್ಟ ಪ್ರತಿಗಳೇ, ಡಿಸ್ಕ್ ತುಂಬಿಸಿರುತ್ತವೆ. ಅವನ್ನು ಟೈಮ್‌ಶಿಫ್ಟ್ ಒಳಗಿನಿಂದಲೇ ಅಳಿಸಿ. ಡಿಸ್ಕ್ ತುಂಬಲು ಇನ್ನೊಂದು ಕಾರಣ ಇದೆ, ಅದು ಬ್ಯಾಕಪ್ಪಿನಿಂದಲೇ ಬರುವಂಥದ್ದು. ಅದನ್ನು ಕೆಳಗೆ ಹೇಳಿದ್ದೇನೆ.

'ಕುಡ್ ನಾಟ್ ಗೆಟ್ ಲಾಕ್' ಅಂತ ಬರುತ್ತದೆ

ಬೇರೊಂದು ಕೆಲಸ ಪ್ಯಾಕೇಜುಗಳ ಮೇಲೆ ನಡೆದಿದೆ ಎಂದರ್ಥ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಹೀಗೆ ಬಂದರೆ ಹಿನ್ನೆಲೆಯಲ್ಲಿ ಭದ್ರತಾ ಅಪ್‌ಡೇಟ್ ಇಳಿಯುತ್ತಿರುತ್ತದೆ. ಹೊಸ ಆವೃತ್ತಿಗಳಲ್ಲಿ ಯಾವ ಕೆಲಸ ಎಂಬುದನ್ನು ಆ ಸಂದೇಶವೇ ಹೇಳುತ್ತದೆ. ಚಹಾ ಕುಡಿದು ಬನ್ನಿ. ಲಾಕ್ ಫೈಲನ್ನು ಅಳಿಸಿಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎರಡು ಕೆಲಸ ಒಟ್ಟಿಗೆ ಬರೆದರೆ ಪ್ಯಾಕೇಜ್ ಲೆಕ್ಕವೇ ಕೆಡುತ್ತದೆ.

ಅಪ್‌ಡೇಟ್ ನಡುವೆ ಕರೆಂಟ್ ಹೋಯಿತು

ಮತ್ತೆ ಆನ್ ಮಾಡಿದಾಗ 'ಡಿಪಿಕೆಜಿ ವಾಸ್ ಇಂಟರಪ್ಟೆಡ್' ಎಂದು ಬಂದರೆ ಅದೇ ಸಾಲು ದಾರಿಯನ್ನೂ ಹೇಳುತ್ತದೆ: 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ'. ಅದು ಮುಗಿದ ಮೇಲೆ 'ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'. ಅರ್ಧಕ್ಕೆ ನಿಂತದ್ದನ್ನು ಇವೆರಡೂ ಪೂರ್ತಿ ಮಾಡುತ್ತವೆ.

ಇಲ್ಲಿ ಒಂದೇ ಎಚ್ಚರ, ಆದರೆ ದೊಡ್ಡ ಎಚ್ಚರ. ತೆಗೆದುಹಾಕುವ ಪ್ಯಾಕೇಜುಗಳ ಪಟ್ಟಿಯಲ್ಲಿ ಉಬುಂಟು ಡೆಸ್ಕ್‌ಟಾಪ್, ಸಿನಮನ್, ನೆಟ್‌ವರ್ಕ್ ಮ್ಯಾನೇಜರ್ ಇಂಥ ಹೆಸರು ಕಂಡರೆ 'ಎನ್' ಒತ್ತಿ ಹೊರಬನ್ನಿ. 'ಯೆಸ್, ಡು ಆಸ್ ಐ ಸೇ!' ಎಂದು ಟೈಪ್ ಮಾಡಲು ಕೇಳಿದರಂತೂ ಅಲ್ಲಿಗೇ ನಿಲ್ಲಿಸಿ. ಸಿಸ್ಟಮ್ ನಡೆಯಲು ಬೇಕೇಬೇಕಾದದ್ದನ್ನು ತೆಗೆಯಲು ಹೊರಟಾಗ ಮಾತ್ರ ಅದು ಹಾಗೆ ಕೇಳುತ್ತದೆ. ತಿಳಿದವರಿಗೆ ತೋರಿಸಿ.

ದೊಡ್ಡ ಅಪ್‌ಡೇಟನ್ನು ಯುಪಿಎಸ್ ಇಲ್ಲದೆ ಮಾಡಬೇಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಮಾಡಿ.

'404 ನಾಟ್ ಫೌಂಡ್' ಎನ್ನುತ್ತದೆ

ಮೊದಲು 'ಸುಡೊ ಆಪ್ಟ್ ಅಪ್‌ಡೇಟ್' ಓಡಿಸಿ. ಪಟ್ಟಿ ಹಳೆಯದಾಗಿದ್ದರೆ ಅಷ್ಟರಲ್ಲೇ ಸರಿಯಾಗುತ್ತದೆ. ಆಗದಿದ್ದರೆ ದೋಷದ ಸಾಲಿನಲ್ಲಿ ಯಾವ ವಿಳಾಸ ಇದೆ ನೋಡಿ. ಹೊರಗಿನವರ ಪಿಪಿಎ (ಬೇರೆಯವರು ನಡೆಸುವ ಪ್ಯಾಕೇಜ್ ಸಂಗ್ರಹ) ಆಗಿದ್ದರೆ 'ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್' ಒಳಗೆ ಅದರ ಟಿಕ್ ತೆಗೆಯಿರಿ.

ಉಬುಂಟುವಿನ ಸ್ವಂತ ವಿಳಾಸವೇ ಸಿಗುತ್ತಿಲ್ಲವಾದರೆ ನಿಮ್ಮ ಆವೃತ್ತಿಯ ಕಾಲ ಮುಗಿದಿರಬಹುದು. ಎಲ್‌ಟಿಎಸ್, ಅಂದರೆ ದೀರ್ಘ ಬೆಂಬಲದ, ಆವೃತ್ತಿಗೆ 5 ವರ್ಷ, ಉಳಿದವಕ್ಕೆ 9 ತಿಂಗಳು ಮಾತ್ರ ಬೆಂಬಲ. ಆ 9 ತಿಂಗಳಿನ ಆವೃತ್ತಿಗಳ ಪ್ಯಾಕೇಜುಗಳನ್ನು ಕಾಲ ಮುಗಿದ ಮೇಲೆ ಬೇರೆ ಸರ್ವರಿಗೆ ಸಾಗಿಸುತ್ತಾರೆ, ಅದಕ್ಕೇ 404. ಅಂಗಡಿ, ಶಾಲೆಗೆ ಎಲ್‌ಟಿಎಸ್ ಬಿಟ್ಟು ಬೇರೆ ಹಾಕಬೇಡಿ ಎಂದು ನಾನು ಹೇಳುವುದು ಇದಕ್ಕೇ. 20.04ರ ಸಾಮಾನ್ಯ ಬೆಂಬಲ 2025ರ ಮೇನಲ್ಲಿ ಮುಗಿಯಿತು. 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ ಇದೆ. ಒಂದು ಎಲ್‌ಟಿಎಸ್‌ನಿಂದ ಅದರ ಮುಂದಿನದಕ್ಕೆ ಮಾತ್ರ ಏರಬಹುದು, ನಡುವಿನದನ್ನು ಹಾರಿ ಹೋಗಲು ಬರುವುದಿಲ್ಲ.

ಕನ್ನಡ ಅಕ್ಷರದ ಜಾಗದಲ್ಲಿ ಚೌಕಗಳು

ಚೌಕ ಕಂಡರೆ ಕನ್ನಡ ಫಾಂಟ್ ಇಲ್ಲ ಎಂದರ್ಥ. 'ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ' ಎಂದರೆ ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಬರುತ್ತವೆ. ಬ್ರೌಸರ್ ಮುಚ್ಚಿ ತೆರೆಯಿರಿ, ಸಾಕು.

ಚೌಕದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬಂದರೆ ವಿಷಯ ಬೇರೆ. ಆ ಫೈಲು ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿ ಟೈಪ್ ಆಗಿದೆ, ಯೂನಿಕೋಡ್‌ನಲ್ಲಿ ಅಲ್ಲ. ಪ್ರೆಸ್ಸುಗಳಲ್ಲಿ ಲಗ್ನಪತ್ರಿಕೆ, ಕರಪತ್ರಗಳ ಹಳೆಯ ಫೈಲು ಬಹುಪಾಲು ಹೀಗೇ ಇರುತ್ತವೆ. ಫೈಲು ಕೆಟ್ಟಿಲ್ಲ, ಅಳಿಸಬೇಡಿ. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಕಣ್ಣಿಟ್ಟು ಓದಿ. ಮೂಲ ಫೈಲನ್ನು ಹಾಗೇ ಉಳಿಸಿಕೊಳ್ಳಿ.

"ನೆಟ್ ಬರವಲ್ದು"

ಈ ಒಂದು ಮಾತಿನ ಹಿಂದೆ ಐದಾರು ಬೇರೆ ಬೇರೆ ದೋಷಗಳು ಇರಬಹುದು. ಹತ್ತಿರದಿಂದ ದೂರಕ್ಕೆ ನೋಡುತ್ತಾ ಹೋಗಬೇಕು.

ಅದೇ ವೈಫೈಯಲ್ಲಿ ಮೊಬೈಲಿಗೂ ನೆಟ್ ಇಲ್ಲವೇ? ಹಾಗಾದರೆ ಕಂಪ್ಯೂಟರನ್ನು ಮುಟ್ಟಬೇಡಿ. ಫೈಬರ್ ಡಬ್ಬಿಯ ಮೇಲೆ ಎಲ್‌ಓಎಸ್ ಎಂಬ ದೀಪ ಕೆಂಪಾಗಿದ್ದರೆ ಹೊರಗಿನ ಲೈನೇ ಹೋಗಿದೆ, ಕಂಪನಿಗೆ ಫೋನ್ ಮಾಡಿ. ತುಂಡಾದ ಫೈಬರಿನ ತುದಿಯನ್ನು ಕಣ್ಣಿನ ಎದುರು ಹಿಡಿದು ನೋಡಬೇಡಿ. ಅದರಲ್ಲಿ ಕಾಣದ ಲೇಸರ್ ಬೆಳಕು ಇರಬಹುದು.

ಮೊಬೈಲಿಗೆ ನೆಟ್ ಇದ್ದು ಕಂಪ್ಯೂಟರಿಗೆ ಇಲ್ಲದಿದ್ದರೆ ಲ್ಯಾನ್ ಪೋರ್ಟಿನ ಪಕ್ಕದ ಚಿಕ್ಕ ದೀಪ ನೋಡಿ. ಉರಿಯದಿದ್ದರೆ ಕೇಬಲ್ ಕಿತ್ತು 'ಟಕ್' ಎನ್ನುವ ಹಾಗೆ ಮತ್ತೆ ಹಾಕಿ. ಆಮೇಲೆ ರೌಟರಿನ ಬೇರೆ ಪೋರ್ಟು, ಆಮೇಲೆ ಬೇರೆ ಕೇಬಲ್. ಇಲಿ ಕಡಿದದ್ದು, ಕುರ್ಚಿಯ ಗಾಲಿಗೆ ಸಿಕ್ಕಿದ್ದು ಮೇಲ್ನೋಟಕ್ಕೆ ಕಾಣುವುದಿಲ್ಲ. ವೈಫೈ ಆದರೆ 'ಆರ್‌ಎಫ್‌ಕಿಲ್ ಲಿಸ್ಟ್' ಹೊಡೆಯಿರಿ. 'ಹಾರ್ಡ್ ಬ್ಲಾಕ್ಡ್: ಯೆಸ್' ಇದ್ದರೆ ಲ್ಯಾಪ್‌ಟಾಪಿನ ವೈಫೈ ಸ್ವಿಚ್ಚು ಅಥವಾ ಕೀಲಿ ಆಫ್ ಆಗಿದೆ.

ದೀಪ ಉರಿಯುತ್ತಿದೆ, ಆದರೂ ನೆಟ್ ಇಲ್ಲ. ಈಗ ಟರ್ಮಿನಲ್‌ನಲ್ಲಿ 'ಐಪಿ ರೂಟ್' ಹೊಡೆಯಿರಿ. 'ಡಿಫಾಲ್ಟ್ ವಯಾ' ಎಂದು ಶುರುವಾಗುವ ಸಾಲಿನಲ್ಲಿ ರೌಟರಿನ ಅಂಕಿ ಇರುತ್ತದೆ, ಸಾಮಾನ್ಯವಾಗಿ 192.168.1.1ರಂಥದ್ದು. ಆ ಸಾಲೇ ಇಲ್ಲದಿದ್ದರೆ ರೌಟರ್ ನಿಮಗೆ ವಿಳಾಸ ಕೊಟ್ಟಿಲ್ಲ. ರೌಟರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಸಾಲು ಇದ್ದರೆ ಮೂರು ಕಡೆಗೆ ಪಿಂಗ್ ಮಾಡಿ, ಅಂದರೆ 'ಪಿಂಗ್' ಎಂದು ಹೊಡೆದು ಅದರ ಮುಂದೆ ವಿಳಾಸ ಬರೆದು ಉತ್ತರ ಬರುತ್ತದೆಯೇ ನೋಡಿ. ಮೊದಲು ರೌಟರಿಗೆ, ಆಮೇಲೆ ಗೂಗಲ್ಲಿನ ಸರ್ವರ್ 8.8.8.8ಕ್ಕೆ, ಕೊನೆಗೆ ಯಾವುದಾದರೂ ವೆಬ್‌ಸೈಟಿನ ಹೆಸರಿಗೆ. ರೌಟರೇ ಉತ್ತರಿಸದಿದ್ದರೆ ದೋಷ ನಿಮ್ಮ ಕೋಣೆಯೊಳಗೇ ಇದೆ. ರೌಟರ್ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ದೋಷ ಹೊರಗಿನ ಲೈನಿನದು. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಅದು ಡಿಎನ್ಎಸ್ (ವೆಬ್‌ಸೈಟಿನ ಹೆಸರಿಗೆ ಅಂಕಿ ಹುಡುಕಿಕೊಡುವ ವ್ಯವಸ್ಥೆ) ತೊಂದರೆ. ನೆಟ್‌ವರ್ಕ್ ಸೆಟ್ಟಿಂಗ್ಸಿನ ಐಪಿವಿ4 ಭಾಗದಲ್ಲಿ ಡಿಎನ್ಎಸ್ ಜಾಗಕ್ಕೆ 1.1.1.1 ಅಥವಾ 8.8.8.8 ಬರೆದು, ಸಂಪರ್ಕ ಆಫ್-ಆನ್ ಮಾಡಿ. ಕಾಲೇಜು, ಕಚೇರಿಗಳ ನೆಟ್‌ವರ್ಕಿನಲ್ಲಿ ಪಿಂಗನ್ನೇ ತಡೆದಿರುವುದುಂಟು. ಅಲ್ಲಿ ಈ ಪರೀಕ್ಷೆ ನಡೆಯದು, ಲ್ಯಾಬ್ ನೋಡಿಕೊಳ್ಳುವವರನ್ನೇ ಕೇಳಿ.

ನೆಟ್ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ, ಅದೂ ನಾಲ್ಕಾರು ಕಂಪ್ಯೂಟರ್ ಇರುವ ಕಡೆ, ಎರಡು ಯಂತ್ರಗಳಿಗೆ ಒಂದೇ ಐಪಿ, ಅಂದರೆ ನೆಟ್‌ವರ್ಕಿನ ವಿಳಾಸದ ಅಂಕಿ, ಇದೆಯೇ ನೋಡಿ. ಪ್ರಿಂಟರಿಗಾಗಿ ಯಾರೋ ಹಿಂದೆ ಒಂದು ಐಪಿ ಕೈಯಾರೆ ಕೊಟ್ಟಿರುತ್ತಾರೆ. ರೌಟರ್ ಅದೇ ಅಂಕಿಯನ್ನು ಗಿರಾಕಿಯ ಮೊಬೈಲಿಗೂ ಹಂಚುತ್ತದೆ. ಕೈಯಾರೆ ಕೊಡುವ ಅಂಕಿ ರೌಟರ್ ಹಂಚುವ ವ್ಯಾಪ್ತಿಯ ಹೊರಗೆ ಇರಬೇಕು.

ಬ್ರೌಸರ್ ಚೆನ್ನಾಗಿ ನಡೆದು ಆಪ್ಟ್ ಮಾತ್ರ '0% ಕನೆಕ್ಟಿಂಗ್' ಎಂದು ನಿಂತಿದ್ದರೆ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ದಾರಿ ಮುಚ್ಚಿರಬಹುದು. 'ಸುಡೊ ಆಪ್ಟ್ -ಓ ಅಕ್ವಾಯರ್::ಫೋರ್ಸ್‌ಐಪಿವಿ4=ಟ್ರೂ ಅಪ್‌ಡೇಟ್' ಓಡಿಸಿ. ಇದರಲ್ಲಿ ಎ, ಎಫ್, ಐ, ಪಿ, ಹೀಗೆ ದೊಡ್ಡಕ್ಷರಗಳು ಬರುತ್ತವೆ: 'ಅಕ್ವಾಯರ್'ನ ಎ ದೊಡ್ಡದು, 'ಫೋರ್ಸ್'ನ ಎಫ್ ದೊಡ್ಡದು, 'ಐಪಿ' ಎರಡೂ ದೊಡ್ಡವು. 'ಟ್ರೂ' ಸಣ್ಣದರಲ್ಲೇ ನಡೆಯುತ್ತದೆ.

ಅಪ್‌ಡೇಟ್ ಆದ ಮರುದಿನವೇ ವೈಫೈ ಮಾಯವಾದರೆ ಹಳೆಯ ಕರ್ನಲ್ಲಿನಲ್ಲಿ ಹೋಗಿ ನೋಡಿ. ಆನ್ ಮಾಡುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ, 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹಿಂದಿನ ಕರ್ನಲ್ ಆರಿಸಿ. ಅಲ್ಲಿ ವೈಫೈ ಬಂದರೆ ಕಾರ್ಡು ಚೆನ್ನಾಗಿದೆ, ಹೊಸ ಕರ್ನಲ್ಲಿಗೆ ಡ್ರೈವರ್ ಕೂಡಿಲ್ಲ. ಡ್ರೈವರ್ ಇಳಿಸಲು ನೆಟ್ ಬೇಕಲ್ವಾ? ಮೊಬೈಲನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ಸಾಮಾನ್ಯವಾಗಿ ತಾನಾಗೇ ಹಿಡಿಯುತ್ತದೆ.

ಬ್ಯಾಕಪ್ ಇದೆ, ಆದರೆ ಫೈಲು ಇಲ್ಲ

ಇದು ಎಲ್ಲಕ್ಕಿಂತ ನೋವಿನ ದೋಷ, ಯಾಕಂದರೆ ಗೊತ್ತಾಗುವುದೇ ಫೈಲು ಹೋದ ಮೇಲೆ.

ಟೈಮ್‌ಶಿಫ್ಟ್ ಮೇಲೆ ಭರವಸೆ ಇಟ್ಟವರು ಮೊದಲು ಇದನ್ನು ತಿಳಿಯಬೇಕು. ಅದು ಸಿಸ್ಟಮ್ಮಿನ ಫೈಲುಗಳಿಗಾಗಿ ಇರುವುದು. ನಿಮ್ಮ ಹೋಮ್ ಫೋಲ್ಡರನ್ನು, ಅಂದರೆ ನಿಮ್ಮ ಬಿಲ್ಲು, ಫೋಟೊ, ಡಿಸೈನುಗಳನ್ನು, ನಾವು ಬೇರೆ ಹೇಳದಿದ್ದರೆ ಅದು ತೆಗೆದುಕೊಳ್ಳುವುದಿಲ್ಲ. ಉಬುಂಟುವಿನ 'ಬ್ಯಾಕಪ್ಸ್' ಹೋಮ್ ಫೋಲ್ಡರ್ ತೆಗೆದುಕೊಳ್ಳುತ್ತದೆ, ಆದರೆ ಡೌನ್‌ಲೋಡ್ಸ್ ಬಿಟ್ಟುಬಿಡುತ್ತದೆ. ಗಿರಾಕಿಗಳು ಕಳಿಸಿದ್ದೆಲ್ಲ ಡೌನ್‌ಲೋಡ್ಸ್‌ನಲ್ಲೇ ಬಿದ್ದಿರುವ ಅಂಗಡಿಗೆ ಇದು ದೊಡ್ಡ ನಷ್ಟ.

ಡಿಸ್ಕ್ ತುಂಬಲು ಇನ್ನೊಂದು ಕಾರಣ ಇದೆ ಎಂದಿದ್ದೆನಲ್ಲ, ಅದು ಇದು. ಬ್ಯಾಕಪ್ ಹೊರಗಿನ ಡಿಸ್ಕಿಗೆ ಹೋಗಬೇಕು. ಒಂದು ದಿನ ಆ ಡಿಸ್ಕ್ ಹಾಕಿರುವುದಿಲ್ಲ. ಸ್ಕ್ರಿಪ್ಟು ಅದೇ ಹೆಸರಿನ ಖಾಲಿ ಫೋಲ್ಡರಿನಲ್ಲಿ ಬರೆಯುತ್ತದೆ, ಅದು ಒಳಗಿನ ಡಿಸ್ಕಿನಲ್ಲೇ ಇರುವಂಥದ್ದು. ಕೆಲ ವಾರಗಳಲ್ಲಿ ಡಿಸ್ಕ್ ತುಂಬುತ್ತದೆ, ಅಪ್‌ಡೇಟ್ ನಿಲ್ಲುತ್ತದೆ, ಲಾಗಿನ್ ನಿಲ್ಲುತ್ತದೆ. ಒಂದೇ ಮರೆವಿನಿಂದ ಮೂರು ದೋಷ. ಪರೀಕ್ಷೆ ಸುಲಭ: ಹೊರಗಿನ ಡಿಸ್ಕನ್ನು ಸರಿಯಾಗಿ ಇಜೆಕ್ಟ್ ಮಾಡಿ ಕಿತ್ತು, ಆ ಫೋಲ್ಡರ್ ತೆರೆಯಿರಿ. ಆಗಲೂ ಫೈಲುಗಳು ಕಂಡರೆ ಅವು ಒಳಗಿವೆ. ಡಿಸ್ಕಿನ ಹೆಸರಿನ ಕೊನೆಗೆ ಹೊಸದಾಗಿ '1' ಸೇರಿದ್ದರೂ ಇದೇ ಸುಳಿವು.

ಪೆನ್‌ಡ್ರೈವ್‌ಗೆ ಚಿಕ್ಕ ಫೈಲು ಹೋಗಿ ದೊಡ್ಡ ವಿಡಿಯೊ ಮಾತ್ರ ಹೋಗದಿದ್ದರೆ ಅದು ಫ್ಯಾಟ್32 ಇರಬೇಕು. ಅದರಲ್ಲಿ 4 ಜಿಬಿ ಮೀರಿದ ಒಂದೇ ಫೈಲು ಹಿಡಿಯುವುದಿಲ್ಲ. ವಿಂಡೋಸ್ ಡಿಸ್ಕಿಗೆ ಬರೆಯಲು ಬಾರದಿದ್ದರೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ. ಕಾಪಿ ಮುಗಿಯಿತೆಂದು ಕಂಡ ಕೂಡಲೇ ಪೆನ್‌ಡ್ರೈವ್ ಕೀಳಬೇಡಿ. ಬರೆಯುವುದು ಹಿಂದೆ ಇನ್ನೂ ನಡೆದಿರುತ್ತದೆ, ಇಜೆಕ್ಟ್ ಒತ್ತಿ ಕಾಯಿರಿ.

ಆರ್‌ಸಿಂಕ್ (ಫೋಲ್ಡರುಗಳನ್ನು ನಕಲಿಸುವ ಕಮಾಂಡ್) ಬಳಸುವವರು '--ಡಿಲೀಟ್' ಹಾಕುವ ಮೊದಲು '-ಎನ್' ಸೇರಿಸಿ ಒಮ್ಮೆ ಓಡಿಸಿ. ಏನನ್ನೂ ಮುಟ್ಟದೆ ಏನಾಗಲಿದೆ ಎಂದು ಅದು ತೋರಿಸುತ್ತದೆ. ಮೂಲ ಫೋಲ್ಡರ್ ಯಾವುದೋ ಕಾರಣಕ್ಕೆ ಖಾಲಿ ಇದ್ದರೆ '--ಡಿಲೀಟ್' ಬ್ಯಾಕಪ್ಪನ್ನೂ ಖಾಲಿ ಮಾಡುತ್ತದೆ.

ತಿಂಗಳಿಗೊಮ್ಮೆ ಒಂದು ಫೈಲನ್ನು ಬ್ಯಾಕಪ್ಪಿನಿಂದ ಬೇರೆ ಫೋಲ್ಡರಿಗೆ ವಾಪಸ್ ತಂದು ತೆರೆದು ನೋಡಿ. ಹಾಗೆ ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

'ರೀಡ್-ಓನ್ಲಿ ಫೈಲ್ ಸಿಸ್ಟಮ್', 'ಐ/ಓ ಎರರ್', ಅಥವಾ ಡಿಸ್ಕಿನಿಂದ ಟಿಕ್ ಟಿಕ್ ಸದ್ದು

ಇಲ್ಲಿ ಕೈ ನಿಧಾನವಾಗಲಿ. ಡಿಸ್ಕಿನಲ್ಲಿ ತಪ್ಪು ಕಂಡಾಗ ಲಿನಕ್ಸ್ ಬರೆಯುವುದನ್ನು ತಾನೇ ನಿಲ್ಲಿಸುತ್ತದೆ. ಫೈಲುಗಳನ್ನು ಕಾಪಾಡಲು ಅದು ಹಾಗೆ ಮಾಡುತ್ತದೆ.

ಹೊರಗಿನ ಡಿಸ್ಕ್ ಆದರೆ ಮುಂದಿನ ಯುಎಸ್‌ಬಿ ಪೋರ್ಟಿನಿಂದ ತೆಗೆದು ಹಿಂದಿನ ಪೋರ್ಟಿಗೆ, ಬೇರೆ ವೈರಿನಲ್ಲಿ ಹಾಕಿ ಒಮ್ಮೆ ನೋಡಿ. ಕರೆಂಟು ಸಾಲದೆಯೂ ಟಿಕ್ ಎನ್ನುತ್ತದೆ. ಒಳಗಿನ ಡಿಸ್ಕ್ ಆದರೆ, ಸದ್ದು ಇಲ್ಲದಿದ್ದಲ್ಲಿ ಮಾತ್ರ, 'ಡಿಸ್ಕ್ಸ್' ಆ್ಯಪ್ ತೆರೆದು ಸ್ಮಾರ್ಟ್ ವಿವರ, ಅಂದರೆ ಡಿಸ್ಕಿನ ಆರೋಗ್ಯದ ಲೆಕ್ಕ, ನೋಡಿ. 199ನೇ ಸಾಲಿನ ಸಿಆರ್‌ಸಿ ಎರರ್ ಏರುತ್ತಿದ್ದರೆ ದೋಷ ಹೆಚ್ಚಾಗಿ ಸಾಟಾ ಕೇಬಲ್ಲಿನದು, ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. 5ನೇ ಸಾಲಿನ ರೀಅಲೊಕೇಟೆಡ್ ಮತ್ತು 197ನೇ ಸಾಲಿನ ಪೆಂಡಿಂಗ್ ಸೆಕ್ಟರ್ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ಸಿಕ್ಕಷ್ಟು ಫೈಲು ತೆಗೆದು ಡಿಸ್ಕ್ ಬದಲಿಸಿ. ಬಳಕೆಯಲ್ಲಿರುವ (ಮೌಂಟ್ ಆಗಿರುವ) ಡಿಸ್ಕಿನ ಮೇಲೆ ಡಿಸ್ಕಿನ ತಪ್ಪು ತಿದ್ದುವ 'ಎಫ್‌ಎಸ್‌ಸಿಕೆ' ಕಮಾಂಡ್ ಓಡಿಸಲೇಬೇಡಿ. ಇದ್ದದ್ದನ್ನೂ ಅದು ಕೆಡಿಸಬಹುದು.

ಸದ್ದು ಮಾಡುವ ಡಿಸ್ಕಿನಲ್ಲಿ ಬೇಕಾದ ಫೈಲಿದ್ದು ಬೇರೆ ಪ್ರತಿ ಇಲ್ಲದಿದ್ದರೆ ಯಂತ್ರವನ್ನು ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ಪ್ರತಿ ಸಲ ತಿರುಗಿದಾಗಲೂ ಹಾನಿ ಹೆಚ್ಚುತ್ತದೆ. ಸುಟ್ಟ ವಾಸನೆ ಬಂದರೂ, ಕ್ಯಾಬಿನೆಟ್ ಮುಟ್ಟಿದರೆ ಕರೆಂಟ್ ಹೊಡೆದರೂ ಅಲ್ಲಿಗೇ ನಿಲ್ಲಿಸಿ, ಸಾಧ್ಯವಾದರೆ ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ನಿಂದ ಅರ್ತಿಂಗ್ ನೋಡಿಸಿ. ಎಸ್‌ಎಂಪಿಎಸ್ ಡಬ್ಬಿ (ಕಂಪ್ಯೂಟರಿಗೆ ಕರೆಂಟು ಕೊಡುವ ಭಾಗ) ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ.

ರಿಪೇರಿಗೆ ಕೊಡುವಾಗ

ಡೇಟಾ ಬೇಕು ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು, ರಸೀದಿಯಲ್ಲಿ ಬರೆಸಿ. ಮೊದಲು ಡಿಸ್ಕಿನ ಪೂರ್ತಿ ಪ್ರತಿ ತೆಗೆದು ಆ ಪ್ರತಿಯ ಮೇಲೆ ಕೆಲಸ ಮಾಡುತ್ತಾರೆಯೇ ಎಂದು ಕೇಳಿ. ಜಿಎನ್‌ಯು ಡಿಡಿರೆಸ್ಕ್ಯೂ ಇದಕ್ಕೇ ಇರುವ ಸಾಧನ. ಪ್ರತಿ ಇಳಿಸಲು ಅಷ್ಟೇ ಅಥವಾ ಅದಕ್ಕಿಂತ ದೊಡ್ಡ ಡಿಸ್ಕ್ ಬೇಕು, ಅದನ್ನು ನೀವೇ ಒಯ್ದರೆ ಕೆಲಸ ಬೇಗ ಆಗುತ್ತದೆ. ಸಾಫ್ಟ್‌ವೇರ್ ದೋಷವಾದರೆ 'ಎಲ್‌ಎಸ್‌ಬಿ_ರಿಲೀಸ್ -ಎ' ಮತ್ತು 'ಯುನೇಮ್ -ಆರ್' ಕೊಟ್ಟ ಉತ್ತರ, ದೋಷದ ಸಂದೇಶದ ಫೋಟೊ, ತೊಂದರೆಗೆ ಮುಂಚೆ ಏನು ಇನ್‌ಸ್ಟಾಲ್ ಮಾಡಿದ್ದಿರಿ, ನಡುವೆ ಕರೆಂಟ್ ಹೋಗಿತ್ತೇ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಯಂತ್ರದ ಜೊತೆಗೇ ಕೊಡಿ.